ಕೃಷಿಹೊಂಡಕ್ಕೆ ಸೀಬಾಸ್ ಬಿಡುವ ಮುಂಚೆ

ಚಿ. ಮಂಜುನಾಥನಿಗೆ ಕಾಕಾನ ಆಶೀರ್ವಾದಗಳು.

ಮೊನ್ನೆ ನೀನು ಫೋನ್ ಮಾಡಿದಾಗ ಸಂತೆಯ ಗದ್ದಲದಲ್ಲಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಬ್ಯಾಡಗಿ ಹೊಲದ ಕೃಷಿಹೊಂಡದಲ್ಲಿ ಕಾಟ್ಲಾ ಮೀನಿನ ಜೊತೆಗೇ ಸೀಬಾಸ್ ಮರಿ ಬಿಡುತ್ತೇನೆ, ಆಮೇಲೆ ಅವೇ ಮರಿ ಹಾಕುತ್ತಾವೆ ಅಂದೆಯಲ್ಲ. ಎರಡೂ ಆಗದ ಮಾತು.

ನಿನ್ನೆ ಹುಬ್ಬಳ್ಳಿ ಮೀನು ಮಾರ್ಕೆಟ್‌ನಲ್ಲಿ ಒಂದು ಸೀಬಾಸ್ ಸಿಕ್ಕಿತು. ಗೋವಾದವರು ಚೋಣಕ್ ಅನ್ನುವುದು ಇದಕ್ಕೇ. ಒಂದೂವರೆ ಕೆಜಿ ಇತ್ತು. ಮೈ ಬೆಳ್ಳಿ, ಬೆನ್ನು ಹಸಿರುಗಂದು, ಕಣ್ಣಿನ ಮೇಲೆ ತಲೆ ಸ್ವಲ್ಪ ತಗ್ಗು. ಬಾಲ ಕವಲೊಡೆದಿಲ್ಲ, ಬೀಸಣಿಕೆಯ ಹಾಗೆ ದುಂಡಗೆ. ತೊಳೆಯುವಾಗ ಕಿವಿರಿನ ಮುಚ್ಚಳದ ಅಂಚು ಬೆರಳು ಕೊಯ್ದೇಬಿಟ್ಟಿತು. ಗರಗಸ ಇದ್ದ ಹಾಗಿದೆ, ಮರೆತಿದ್ದೆ! ಆದರೆ ನೀನು ನೋಡಬೇಕಾದ್ದು ಅದರ ಬಾಯಿ. ಕೆಳದವಡೆ ಮುಂದೆ ಚಾಚಿರುತ್ತದೆ, ಮೇಲ್ದವಡೆ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಹಲ್ಲು ಮಾತ್ರ ಬ್ರಷ್ಷಿನಂತೆ ಸಣ್ಣ. ಕಚ್ಚಿ ಹರಿಯುವ ಮೀನಲ್ಲ ಇದು, ಇಡಿಯಾಗಿ ನುಂಗುವ ಮೀನು.

ಕಾರವಾರದಲ್ಲಿ ಇದ್ದಾಗ ಮೊದಲ ಸಲ ಇನ್ನೂರು ಮರಿ ನೀರಿನಲ್ಲಿ ಕಟ್ಟಿದ ಬಲೆಯೊಳಗೆ ಬಿಟ್ಟಿದ್ದೆ. ಹತ್ತು ದಿನ ಅತ್ತ ನೋಡಲಿಲ್ಲ. ಬಲೆ ಎತ್ತಿದರೆ ಅರ್ಧವೂ ಇಲ್ಲ. ಒಂದರ ಬಾಯಿಂದ ಇನ್ನೊಂದರ ಬಾಲ ಹೊರಗೆ ಇತ್ತು, ನುಂಗಿದ್ದೂ ಉಸಿರುಕಟ್ಟಿ ಸತ್ತಿತ್ತು. ತನ್ನ ಅರ್ಧಕ್ಕಿಂತ ಉದ್ದದ ತಮ್ಮನನ್ನೂ ಬಿಡುವುದಿಲ್ಲ ಇದು. ನಿನ್ನ ಕಾಟ್ಲಾ ಮರಿ ಯಾವ ಲೆಕ್ಕ? ಒಂದೇ ದಿನ ಹುಟ್ಟಿದ ಮರಿಗಳಲ್ಲೂ ಕೆಲವು ಬೇಗ ದಪ್ಪ ಆಗುತ್ತವೆ, ಅವಕ್ಕೇ ಉಳಿದವು ಊಟ. ಹಾಗಾಗಿ ಮರಿ ಬೆರಳುದ್ದ ದಾಟುವವರೆಗೂ ವಾರಕ್ಕೊಮ್ಮೆಯಾದರೂ ಗಾತ್ರ ನೋಡಿ ಬೇರೆ ಮಾಡಬೇಕು. ಈ ಕೆಲಸಕ್ಕೆ ಬೇಜಾರು ಮಾಡಿಕೊಳ್ಳುವುದಾದರೆ ಸುಮ್ನೆ ಕಾಟ್ಲಾನೇ ಸಾಕು.

ಇನ್ನು ಮರಿ ಹಾಕುವ ಮಾತು. ಸಿಹಿನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, ಆದರೆ ಮೊಟ್ಟೆಗೆ ಉಪ್ಪುನೀರೇ ಬೇಕು, ನದಿ ಸಮುದ್ರ ಸೇರುವ ಕಡೆಗೇ ಹೋಗುತ್ತದೆ. ಅದೂ ಅಲ್ಲದೆ ಮೊದಲು ಗಂಡಾಗಿ ಬಲಿಯುವುದೇ ಮೂರು-ನಾಲ್ಕು ವರ್ಷಕ್ಕೆ, ಅದೇ ಮೀನು ಹೆಣ್ಣಾಗುವುದು ಇನ್ನೂ ಕೆಲವು ವರ್ಷ ಬಿಟ್ಟು. ನಿನ್ನ ಹೊಂಡದಲ್ಲಿ ಬರೀ ಗಂಡುಗಳ ಸಂಸಾರ! ಚೆನ್ನೈನ ಸಿಬಾ ಅನ್ನುವ ಮೀನು ಸಾಕಣೆಯ ಸಂಶೋಧನಾ ಸಂಸ್ಥೆಯವರು 1997ರಲ್ಲಿ ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡಿಸುವ ಕೇಂದ್ರದಲ್ಲಿ, ಮರಿ ಮಾಡಿಸಿ ತೋರಿಸಿದರು. ಹಾಗಾಗಿ ನೀನು ಪ್ರತಿ ಸಲ ಮರಿ ಹ್ಯಾಚರಿಯಿಂದಲೇ ತರಬೇಕು. ಉಪ್ಪುನೀರಿನಿಂದ ತಂದದ್ದನ್ನು ಸೀದಾ ಹೊಂಡಕ್ಕೆ ಸುರಿಯಬೇಡ, ದಿನ ದಿನ ಸಿಹಿನೀರು ಬೆರೆಸಿ ರೂಢಿ ಮಾಡಿಸು.

ಮೇವು ಸರಿ ಇದ್ದರೆ ವರ್ಷಕ್ಕೆ ಸುಮಾರು ಒಂದು ಕೆಜಿ ತೂಗುತ್ತದೆ. ಸಮುದ್ರದಲ್ಲಿ 60 ಕೆಜಿವರೆಗೂ ಹೋಗುತ್ತದೆ ಅಂತ ನೀನು ಲೆಕ್ಕ ಹಾಕುತ್ತಾ ಕೂರಬೇಡ. ನಮ್ಮ ಕಡೆ ಡಿಸೆಂಬರ್ ಚಳಿಗೆ ಮೇಯುವುದೂ ಕಡಿಮೆ, ಬೆಳೆಯುವುದೂ ಕಡಿಮೆ.

ಮರಿ ಬೇರೆ ಮಾಡುವ ತೂತಿನ ಬುಟ್ಟಿ ಮೂರು ನನ್ನ ಅಟ್ಟದ ಮೇಲೆ ಇವೆ. ಹಬ್ಬಕ್ಕೆ ಬಂದಾಗ ಒಯ್ಯಿ. ಅಪ್ಪನ ಮೊಣಕಾಲು ಹೇಗಿದೆ, ಅದಕ್ಕೂ ಉತ್ತರ ಬರೆ.

ನಿನ್ನ ಕಾಕಾ,
ಹುಬ್ಬಳ್ಳಿ