ಉಳಿದ ಹನ್ನೆರಡು ಚಿಮಣಿ

ಮಾನ್ಯರೇ,

ಮಗಳ ಮನೆಗೆಂದು ಅಮೆರಿಕದ ಉಕ್ಕಿನ ನಗರಿ ಪಿಟ್ಸ್‌ಬರ್ಗ್‌ಗೆ ಹೊರಟಾಗ ‘ಅಲ್ಲೇನಿದೆ ಮಾರಾಯ, ಬರೀ ಹೊಗೆ’ ಎಂದಿದ್ದರು ಗೆಳೆಯರು. ಹೊಗೆ ಎಲ್ಲಿಯದು! ಮೊನಾಂಗಹೆಲಾ ನದಿ ದಂಡೆಯ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆ 1986ರಲ್ಲೇ ಮುಚ್ಚಿತು. ಆ ಜಾಗದಲ್ಲೀಗ ಅಂಗಡಿ, ಹೋಟೆಲು, ಸಿನಿಮಾ ಮಂದಿರ. ಹನ್ನೆರಡು ಇಟ್ಟಿಗೆ ಚಿಮಣಿಗಳನ್ನು ಮಾತ್ರ ಸಾಲಾಗಿ ಹಾಗೇ ಉಳಿಸಿದ್ದಾರೆ. ಮಗಳು ಐಸ್‌ಕ್ರೀಂ ತರಲು ಹೋದಾಗ ಒಂದರ ಇಟ್ಟಿಗೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಮೂವತ್ತು ವರ್ಷ ಕುಲುಮೆ ಪಕ್ಕ ದುಡಿದ ಕೈಗೆ ಅದೇಕೋ ಒಗ್ಗಲಿಲ್ಲ. ಚೆಂದವೇನೋ ಹೌದು. ಆದರೆ ರೈಲು ಹಳಿಯಾಚೆಯ ಹಳೇ ಬೀದಿಯಲ್ಲಿ ಬೀಗ ಬಿದ್ದ ಅಂಗಡಿಗಳೂ ಕಂಡವು. ನಮ್ಮೂರ ಉಕ್ಕಿನ ಕಾರ್ಖಾನೆಯ ಜಾಗದಲ್ಲಿ, ಭದ್ರಾ ದಡದಲ್ಲಿ, ಏನೇ ಕಟ್ಟುವುದಿದ್ದರೂ ನಕ್ಷೆ ಬರೆಯುವವರು ಮೊದಲು ನಮ್ಮ ಕ್ವಾರ್ಟರ್ಸ್ ಕಡೆ ಒಮ್ಮೆ ಬಂದು ಹೋಗಲಿ.

– ನಿವೃತ್ತ ಕಾರ್ಮಿಕ, ಭದ್ರಾವತಿ