ಕೋವಿ ಬೇರೆ, ಚರ್ಮ ಬೇರೆ

ಚಿ. ಸೋಮುಗೆ ದೊಡ್ಡಪ್ಪನ ಆಶೀರ್ವಾದಗಳು.

ಅಜ್ಜನ ಕೇಪಿನ ಕೋವಿ, ಬಾಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವ ಆ ಹಳೇ ಬಂದೂಕು, ನಿನ್ನ ಪಾಲಿಗೆ ಬಂದದ್ದು ಸಂತೋಷ. ಫೋಟೋ ನೋಡಿದೆ. ಆದರೆ ಅದನ್ನು ಚರ್ಮದ ಚೀಲದೊಳಗೇ ಇಟ್ಟು ಬೀರುವಿಗೆ ಸೇರಿಸಿದ್ದೀಯಲ್ಲ, ಅದು ಬೇಡ. ಹೊರಗೆ ತೆಗಿ.

ತೆಗೆದ ಕೂಡಲೇ ತುಕ್ಕು ನೋಡಲು ಹೋಗಬೇಡ. ನಳಿಗೆಯಲ್ಲಿ ಈಡು, ಅಂದರೆ ತುಂಬಿಟ್ಟ ಮದ್ದು ಗುಂಡು, ಇದೆಯಾ ಅಂತ ಮೊದಲು ನೋಡು. ಕರಿಮದ್ದು ಎಷ್ಟು ಹಳೆಯದಾದರೂ ಒಣಗಿದ್ದರೆ ಸಿಡಿದೀತು. ನಳಿಗೆಯ ಬಾಯಿಗೆ ಎದುರಾಗಿ ನಿಲ್ಲದೆ ಮರದ ಕಡ್ಡಿ ಇಳಿಸಿ, ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಹಾಕು. ಅದೇ ಕಡ್ಡಿಯನ್ನು, ಗುರುತು ಬಾಯಿಗೆ ಸರಿಯಾಗುವಂತೆ, ನಳಿಗೆಯ ಹೊರಗೆ ಹಿಡಿ. ತುದಿ ಕೇಪು ಕೂರುವ ಜಾಗದವರೆಗೆ ಬಂದರೆ ಖಾಲಿ. ಅದಕ್ಕಿಂತ ಮೊದಲೇ ನಿಂತರೆ ನೀನು ಕೈ ಹಾಕಬೇಡ, ಕೋವಿ ರಿಪೇರಿ ಗೊತ್ತಿರುವವರನ್ನು ಮನೆಗೇ ಕರೆಸು.

ಚೀಲ ಕೋವಿಯನ್ನು ಕಾಪಾಡುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೊತ್ತೊಯ್ಯುವಾಗ ಸರಿ. ಇಟ್ಟಲ್ಲೇ ಇಡುವುದಕ್ಕೆ ಅದರಷ್ಟು ಕೆಟ್ಟ ಜಾಗ ಇಲ್ಲ. ಮಡಿಕೇರಿಯ ಜುಲೈನಲ್ಲಿ ಉಪ್ಪಿನ ಡಬ್ಬಿ ಏನಾಗುತ್ತೆ ಗೊತ್ತಲ್ವಾ, ಚರ್ಮವೂ ಹಾಗೇ ತೇವ ಎಳೆದುಕೊಳ್ಳುತ್ತೆ. ಹಳೇ ಚರ್ಮ ತಂಗಡಿ ತೊಗಟೆಯಂಥ ಚೊಗರಿನಲ್ಲಿ ಹದವಾದದ್ದು, ಅದರಲ್ಲಿ ಹುಳಿ ಅಂಶ ಇರುತ್ತೆ. ತೇವ, ಹುಳಿ ಎರಡೂ ಸೇರಿ ಕಬ್ಬಿಣಕ್ಕೆ ಅಂಟಿ ಕೂತರೆ ಬರೀ ಮೇಲ್ತುಕ್ಕಲ್ಲ, ಗುಳಿ ಬೀಳುತ್ತೆ. ಗುಳಿ ಬಿದ್ದದ್ದು ಮತ್ತೆ ತುಂಬುವುದಿಲ್ಲ. ಚರ್ಮಕ್ಕೂ ಸುಖವಿಲ್ಲ. ಕಬ್ಬಿಣ ತಾಗಿದ ಕಡೆ ಕಪ್ಪು ಕಲೆ. ಚೊಗರಿಗೆ ಕಬ್ಬಿಣ ಸೇರಿಸಿಯೇ ಹಿಂದೆ ಶಾಯಿ ಮಾಡುತ್ತಿದ್ದರು ನೋಡು.

ಕೋವಿಯ ಜೊತೆಗಿರುವ ತೋಟೆ (ಕಾರ್ಟ್ರಿಜ್) ಬೆಲ್ಟಿನ ಬಕಲನ್ನು ಬೆಳಕಿಗೆ ಹಿಡಿದು ನೋಡು. ಹಿತ್ತಾಳೆ ಚರ್ಮಕ್ಕೆ ತಾಗುವಲ್ಲಿ ಹಸಿರು ಮೇಣದಂಥ ಕಿಲುಬು ಕಾಣುತ್ತೆ. ಚರ್ಮದೊಳಗಿನ ಕೊಬ್ಬು ಹಿತ್ತಾಳೆಯ ತಾಮ್ರವನ್ನು ತಿಂದು ಆದದ್ದು ಅದು. ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗಿ, ಚಾಕು ಬೇಡ. ಕುಣಿಕೆಗಳಲ್ಲಿ ತೋಟೆ ಇದ್ದರೆ ಎಲ್ಲ ತೆಗೆದು ಬೇರೆ ಇಡು. ದನದ ಕೊಟ್ಟಿಗೆ ಪಕ್ಕದ ಕೋಣೆಯಲ್ಲಂತೂ ಬೇಡವೇ ಬೇಡ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ಲಾಯದಲ್ಲಿಟ್ಟ ಹಿತ್ತಾಳೆ ತೋಟೆಗಳು ತಾವಾಗೇ ಬಿರುಕು ಬಿಡುತ್ತಿದ್ದವು. ಕಾರಣ ಕುದುರೆ ಉಚ್ಚೆಯಿಂದ ಏಳುವ ಅಮೋನಿಯಾ.

ಬೆಲ್ಟು, ಚೀಲಕ್ಕೆ ತೆಂಗಿನೆಣ್ಣೆ ಹಚ್ಚಬೇಡ. ನಿನ್ನ ದೊಡ್ಡಮ್ಮ ಹೇಳಿದರೂ ಸರಿ. ಎಣ್ಣೆ ಹಳತಾಗಿ ಅಂಟಾಗುತ್ತೆ, ಧೂಳು, ಬೂಷ್ಟು ಎರಡೂ ಹಿಡಿಯುತ್ತೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಒಳಗೆ ಆಮ್ಲರಹಿತ ಕಾಗದ ತುರುಕಿ, ಮಡಚದೆ ಉದ್ದಕ್ಕೆ ಮಲಗಿಸಿ ಇಡು. ಮುಟ್ಟಿದರೆ ಕೆಂಪು ಪುಡಿ ಉದುರಿದರೆ ಆ ಚರ್ಮ ಕೊಳೆತಿದೆ ಅಂತ ಅರ್ಥ, ಯಾವ ಎಣ್ಣೆಗೂ ಅದು ವಾಪಸ್ ಬರಲ್ಲ. ಕೋವಿಯ ಕಬ್ಬಿಣಕ್ಕೆ ತೆಳ್ಳಗೆ ಮೈಕ್ರೋಕ್ರಿಸ್ಟಲೈನ್ ಮೇಣ (ಪೆಟ್ರೋಲಿಯಂನಿಂದ ತೆಗೆದ ಮೇಣ) ಸಾಕು. ಮುಟ್ಟುವಾಗ ಕೈಗವಸು ಹಾಕಿಕೋ, ಬೆವರಿನ ಉಪ್ಪಿಗೇ ಬೆರಳಚ್ಚಿನ ಆಕಾರದಲ್ಲಿ ತುಕ್ಕು ಏಳುತ್ತೆ. ಹೆಗಲ ಪಟ್ಟಿ ಬಿಚ್ಚಲು ಬಾರದಿದ್ದರೆ ಪಟ್ಟಿಗೂ ಕಬ್ಬಿಣಕ್ಕೂ ಮಧ್ಯೆ ಪಾಲಿಯೆಸ್ಟರ್ ಹಾಳೆ ಇಡು.

ಬೀರುವಿನಲ್ಲಿ ತೇವ ಅಳೆಯುವ ಸಣ್ಣ ಮೀಟರ್ ಇರಲಿ. 45ರಿಂದ 55 ಪರ್ಸೆಂಟ್ ಒಳ್ಳೆಯದು. 65 ದಾಟಿದರೆ ಬೂಷ್ಟು. ಹಾಗಂತ ತೇವ ಹೀರುವ ಸಿಲಿಕಾ ಜೆಲ್ ಜಾಸ್ತಿ ತುಂಬಿ ಪೂರಾ ಒಣಗಿಸಿದರೆ ಚರ್ಮ, ಕೋವಿಯ ಮರ ಎರಡೂ ಸೀಳುತ್ತವೆ.

ನಮ್ಮ ಆಯುಧಪೂಜೆ ಕೈಲ್ ಪೊಳ್ದ್‌ಗೆ ಪೂಜೆಗೆ ಇಡು, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸು, ಅದನ್ನು ಬಿಡಬೇಡ. ಗಂಧದ ಬೊಟ್ಟನ್ನು ಮಾತ್ರ ನಳಿಗೆಗೆ ಇಡದೆ ಮರದ ಮೇಲಿಡು. ಹೂವನ್ನು ಅದೇ ರಾತ್ರಿ ತೆಗೆದು ಒರೆಸು. ಸುಗ್ಗಿ ಹಬ್ಬ ಹುತ್ತರಿಗೆ ಈಡು ಹೊಡೆಯಲು ಈ ಕೋವಿ ಬೇಡ. ನನ್ನ ಜೋಡು ನಳಿಗೆ ಕೋವಿ ಇದೆ.

ಕೋವಿ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಪತ್ರ ನಿನ್ನ ಹೆಸರಿಗೆ ಆಗಿದೆ ಅಂದಿಯಲ್ಲ, ಪ್ರತಿ ತೆಗೆಸಿಡು. ಕೊಡಗಿಗೆ ಕೇಂದ್ರ ಕೊಟ್ಟಿರುವ ವಿನಾಯಿತಿ ಸದ್ಯ 2029ರವರೆಗೆ. ಬೆಲ್ಟಿನ ಫೋಟೋ ಹತ್ತಿರದಿಂದ ತೆಗೆದು ಕಳಿಸು, ಕಿಲುಬು ಎಷ್ಟಿದೆ ನೋಡಿ ಹೇಳುತ್ತೇನೆ.

ನಿನ್ನ ದೊಡ್ಡಪ್ಪ