ಹತ್ತು ದಾಟಿದ ಹಸುವನ್ನು ಅನುತ್ಪಾದಕ ಎನ್ನುವ ಮುನ್ನ

ಮಾನ್ಯರೇ,

ನಮ್ಮ ಹೋಬಳಿಯಲ್ಲಿ ನಡೆದ ಬರಡು ರಾಸು ತಪಾಸಣೆ ಮತ್ತು ಜಾನುವಾರು ವಿಮೆ ಶಿಬಿರದ ವರದಿಯನ್ನು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿದೆ. ಹತ್ತು ವರ್ಷ ಮೀರಿದ ಹಸುಗಳು ಅನುತ್ಪಾದಕವೆಂದೂ, ರೈತರು ಭಾವುಕರಾಗದೆ ಅವುಗಳನ್ನು ವಿಲೇವಾರಿ ಮಾಡಿ ಎಳೆಯ ಕಡಸುಗಳನ್ನು ಕಟ್ಟಿಕೊಳ್ಳಬೇಕೆಂದೂ ಶಿಬಿರಕ್ಕೆ ಬಂದಿದ್ದ ಅಧಿಕಾರಿಯೊಬ್ಬರು ಹೇಳಿದ ಮಾತಿಗೆ ತಾವು ಚೌಕಟ್ಟು ಹಾಕಿ ಗೌರವ ಸಲ್ಲಿಸಿದ್ದೀರಿ. ಆ ಮಾತನ್ನು ಅವರು ಆಡಿದ್ದು ನನ್ನ ಹಸುವಿನ ಕಡೆಗೆ ಪೆನ್ನು ತೋರಿಸಿ. ಆದ್ದರಿಂದ ವರದಿಯಲ್ಲಿ ಬಾರದೆ ಉಳಿದದ್ದನ್ನು ಬರೆಯುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ.

ಆ ಹಸು ಹಳ್ಳಿಕಾರ್, ನೊಗದ ಎತ್ತಿಗೆ ಹೆಸರಾದ ನಮ್ಮ ನಾಟಿ ತಳಿ; ವಯಸ್ಸು ಹನ್ನೆರಡು. ಆರು ಕರು ಹಾಕಿ ಏಳನೆಯದಕ್ಕೆ ಗಬ್ಬವಾಗಿದೆ. ಗಬ್ಬ ನಿಂತಿರುವುದನ್ನು ಖಚಿತಪಡಿಸಿದವರು ಅದೇ ಶಿಬಿರದ ಒಂದು ಮೇಜಿನ ವೈದ್ಯರು. ಅವರು ಬರೆದುಕೊಟ್ಟ ಚೀಟಿಯ ಶಾಯಿ ಒಣಗುವ ಮೊದಲೇ ಪಕ್ಕದ ಮೇಜಿನಲ್ಲಿ ಅದೇ ಹಸು ಅನುತ್ಪಾದಕವಾಯಿತು. ಕಾಗದಪತ್ರದ ತಂಟೆಗೆ ಹೆದರಿ ಟೆಂಪೊದವರು ರಾಸು ಸಾಗಿಸಲು ಒಪ್ಪದ ಕಾರಣ ಗಬ್ಬದ ಹಸುವನ್ನು ಡಾಂಬರು ರಸ್ತೆಯಲ್ಲಿ ನಡೆಸಿಕೊಂಡೇ ಹೋಗಬೇಕಾಯಿತು. ರಾಗಿ ಹೊಲದ ಕುಂಟೆ ಕೆಲಸ ನಿಲ್ಲಿಸಿ, ಬಂದ ಕೂಲಿಯವರನ್ನು ವಾಪಸು ಕಳುಹಿಸಿ, ಹಗ್ಗ ಹಿಡಿಯಲು ತಮ್ಮನ ಮಗನನ್ನು ಕಾಲೇಜು ಬಿಡಿಸಿ ಕರೆದೊಯ್ದಿದ್ದೆ. ಮೈದಾನದಲ್ಲಿ ಅಧಿಕಾರಿಗಳಿಗೆ ಶಾಮಿಯಾನವಿತ್ತು, ರಾಸುಗಳಿಗೆ ಬಿಸಿಲಿತ್ತು, ನೀರಿನ ತೊಟ್ಟಿ ಬ್ಯಾನರಿನ ಚಿತ್ರದಲ್ಲಿ ಮಾತ್ರ ಇತ್ತು. ರಾಸಿನ ಗುರುತಿನ ಸಂಖ್ಯೆ ಇರುವ ಕಿವಿಯೋಲೆ ಹರಿದುಹೋಗಿದೆ ಎಂದರೆ ಹೊಸ ಓಲೆಯ ದಾಸ್ತಾನಿಲ್ಲ. ಹನ್ನೆರಡು ಅಂಕಿಯ ಹಳೆಯ ಸಂಖ್ಯೆಯನ್ನು ಹುಡುಕಿ ಕೊಟ್ಟರೆ ನೆಟ್‌ವರ್ಕ್ ಇಲ್ಲ. ಇಷ್ಟನ್ನೂ ದಾಟಿ ಮೇಜಿನ ಮುಂದೆ ನಿಂತಾಗ ವಯಸ್ಸು ಕೇಳಿದರು, ಹನ್ನೆರಡು ಎಂದೆ, ಅಲ್ಲಿಗೆ ಮುಗಿಯಿತು. ನನ್ನ ಹಸುವಿಗಿಂತ ಹಿರಿಯದಾದ ಇನ್ನೊಂದು ಹಸು ಒಂಬತ್ತು ವರ್ಷದ್ದೆಂದು ಬರೆಸಿಕೊಂಡು, ವಿಮೆಗೆ ಅರ್ಹವಾಗಿ, ಮರ್ಯಾದೆಯಿಂದ ಮನೆಗೆ ಹೋದದ್ದನ್ನೂ ನೋಡಿದೆ. ಎಂಟು ಹಲ್ಲು ಬಂದು ಬಾಯಿಗೂಡಿದ ಮೇಲೆ, ಅಂದರೆ ಸುಮಾರು ಐದು ವರ್ಷದ ನಂತರ, ಹಲ್ಲಿನ ಸವೆತ ನೋಡಿ ಹೇಳುವ ವಯಸ್ಸು ಬರಿಯ ಅಂದಾಜು ಎಂಬುದು ದನದ ವ್ಯಾಪಾರ ಬಲ್ಲ ಯಾರಿಗೂ ಗೊತ್ತು.

ವಿಮೆಯಲ್ಲಿ ಹಾಲಿನ ಹಸುವಿಗೆ ಸಾಮಾನ್ಯವಾಗಿ ಎರಡರಿಂದ ಹತ್ತು ವರ್ಷ, ಎಮ್ಮೆಗೆ ಮೂರರಿಂದ ಹನ್ನೆರಡು ಎಂಬ ಮಿತಿ ಇದೆ. ಇದನ್ನು ಬರೆದವರ ಕಣ್ಣ ಮುಂದೆ ಯಾವ ಹಸು ಇತ್ತೋ ತಿಳಿಯದು, ಹಳ್ಳಿಕಾರ್ ಅಂತೂ ಇರಲಾರದು. ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ವಿದೇಶಿ ಹಾಲಿನ ತಳಿಯ, ಮಿಶ್ರತಳಿಯ ಬೆಲೆ ಇರುವುದು ದಿನದ ಲೀಟರಿನಲ್ಲಿ; ಲೀಟರು ಇಳಿದಾಗ ಬೆಲೆಯೂ ಇಳಿಯುತ್ತದೆ. ನಮ್ಮ ಹಳ್ಳಿಕಾರ್ ಮೊದಲ ಸೂಲಿಗೆ ಬರುವುದೇ ನಾಲ್ಕು ವರ್ಷದ ಆಸುಪಾಸಿನಲ್ಲಿ. ಆಮೇಲೆ ಒಂದೂವರೆ ವರ್ಷಕ್ಕೋ ಇನ್ನೂ ತುಸು ತಡವಾಗಿಯೋ ಒಂದೊಂದು ಕರು ಹಾಕುತ್ತದೆ. ಹತ್ತಕ್ಕೆ ಗೆರೆ ಎಳೆದರೆ ನಾಲ್ಕೈದು ಕರುವಿಗೇ ಅದರ ಬಾಳು ಮುಗಿಸಿದಂತಾಯಿತು. ಅದರ ಹಾಲನ್ನು ನಾವು ಡೇರಿಗೆ ಹಾಕುವುದಿಲ್ಲ, ಹೆಚ್ಚಿನ ಪಾಲನ್ನು ಕರುವಿಗೇ ಬಿಡುತ್ತೇವೆ, ಏಕೆಂದರೆ ಸಿದ್ಧಗಂಗೆ ಜಾತ್ರೆಯಲ್ಲೋ ಘಾಟಿ ಸುಬ್ರಹ್ಮಣ್ಯದಲ್ಲೋ ಜೋಡಿಯಾಗಿ ನಿಂತು ಬೆಲೆ ಕಟ್ಟಿಸಿಕೊಳ್ಳುವ ಹೋರಿಗರುವೇ ನಮಗೆ ಆ ಹಸು ಕೊಡುವ ಉತ್ಪಾದನೆ.

ಕರುವನ್ನೇ ಫಸಲೆಂದು ಎಣಿಸುವ ಲೆಕ್ಕವನ್ನು ಚೆನ್ನಾಗಿ ಹಾಕಿದವರು ಮಾಂಸಕ್ಕಾಗಿ ದನ ಸಾಕುವ ಅಮೆರಿಕದವರು. ಅವರ ಉದ್ದೇಶ ನಮ್ಮದಲ್ಲ. ಆದರೆ ಅವರೂ ತಾಯಿಯನ್ನು ಹಿಂಡದೆ ಕರುವನ್ನು ತೂಗುತ್ತಾರೆ. ಅಲ್ಲಿನ ಬೀಫ್ ಇಂಪ್ರೂವ್‌ಮೆಂಟ್ ಫೆಡರೇಶನ್ ಎಂಬ ಸಂಸ್ಥೆ, ಹಾಲು ಬಿಡಿಸುವ ಹೊತ್ತಿನ, ಅಂದರೆ 205 ದಿನದ, ಕರುವಿನ ತೂಕವನ್ನು ತಾಯಿಯ ವಯಸ್ಸಿಗೆ ತಕ್ಕಂತೆ ಸರಿದೂಗಿಸಲು ಒಂದು ಕೋಷ್ಟಕ ಇಟ್ಟಿದೆ. ಹೆಚ್ಚು ಸೇರಿಸಬೇಕಾದಷ್ಟೂ ಆ ವಯಸ್ಸಿನ ತಾಯಿ ಬೆಳೆಸುವ ಕರು ಹಗುರ ಎಂದರ್ಥ. ಐದರಿಂದ ಹತ್ತು ವರ್ಷದ ತಾಯಿಯ ಕರುವಿಗೆ ಏನನ್ನೂ ಸೇರಿಸಬೇಕಾಗಿಲ್ಲ. ಎರಡು ವರ್ಷದ ತಾಯಿಯ ಗಂಡುಗರುವಿಗೆ 60 ಪೌಂಡ್, ಅಂದರೆ ಸುಮಾರು 27 ಕಿಲೊ, ಮೂರು ವರ್ಷದ ತಾಯಿಯದಕ್ಕೆ 40 ಪೌಂಡ್, ನಾಲ್ಕು ವರ್ಷದ್ದಕ್ಕೆ 20 ಪೌಂಡ್ ಸೇರಿಸುತ್ತಾರೆ. ಹನ್ನೊಂದು ಮತ್ತು ಅದಕ್ಕೂ ಹೆಚ್ಚು ವಯಸ್ಸಾದ ತಾಯಿಯ ಕರುವಿಗೆ ಸೇರಿಸುವುದೂ ಅದೇ 20 ಪೌಂಡ್, ಒಂಬತ್ತು ಕಿಲೊ. ಎಂದರೆ ಮುದಿಯೆನಿಸಿಕೊಂಡ ಹಸು ನಾಲ್ಕು ವರ್ಷದ ಪ್ರಾಯದ ಹಸುವಿಗೆ ಸಮನಾಗಿ ಕರು ಬೆಳೆಸುತ್ತದೆ. ಅಧಿಕಾರಿಗಳು ಹಾಡಿ ಹೊಗಳಿದ ಚೊಚ್ಚಲ ಕಡಸೇ, ಅಲ್ಲಿ ಎರಡು ವರ್ಷಕ್ಕೇ ಕರು ಹಾಕುವಂಥದ್ದು, ಕೋಷ್ಟಕದ ತಳದಲ್ಲಿ ನಿಂತಿದೆ.

ಕಡಸನ್ನು ಕಟ್ಟಿಕೊಳ್ಳಿ ಎನ್ನುವುದು ಸುಲಭ. ಮೊದಲ ಕರುವಿನ ತನಕ ಅದು ನಾಲ್ಕು ವರ್ಷ ಕೂತು ತಿನ್ನುತ್ತದೆ; ಆ ಹುಲ್ಲು ಹಿಂಡಿಯ ಬಾಕಿ ತೀರುವುದು ಕೆಲವು ಕರುಗಳಾದ ಮೇಲೆ, ಅದಾದ ನಂತರ ಬರುವ ಪ್ರತಿ ಕರುವಿನಲ್ಲಿ ಮಾತ್ರ ಸಾಕಿದವನಿಗೆ ನಾಲ್ಕು ಕಾಸು. ಚೊಚ್ಚಲ ಕರು ಹಾಕಿದಾಗ ತಾನೂ ಬೆಳೆಯಬೇಕು, ಕರುವಿಗೂ ಉಣಿಸಬೇಕು, ಹಾಗಾಗಿ ಎರಡನೆಯ ಗಬ್ಬ ನಿಲ್ಲುವುದರಲ್ಲೇ ಹಲವು ಕಡಸುಗಳು ಸೋಲುತ್ತವೆ. ಹತ್ತು ಹನ್ನೆರಡರ ನಂತರ ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಹಸುವಿನ ಮೈಯಲ್ಲಿ ನೋಡಬೇಕು. ಹಲ್ಲು ಉದುರಿ ಮೇವು ಕಚ್ಚಲಾರದೆ ಎಲುಬು ಎದ್ದಿದೆಯೇ, ಕೆಚ್ಚಲು ಜೋತು ಎಳೆಗರುವಿನ ಬಾಯಿಗೆ ಮೊಲೆ ಸಿಗದಂತಾಗಿದೆಯೇ, ಗೊರಸು ಬೆಳೆದು ಕುಂಟುತ್ತಿದೆಯೇ, ಬೆದೆಗೆ ಬಂದೂ ಬಂದೂ ಬರಿದಾಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಕುರ್ಚಿಯಿಂದ ಏಳಬೇಕಾಗುತ್ತದೆ.

ಇನ್ನು ವಿಲೇವಾರಿ ಎಲ್ಲಿಗೆ? ಹಸುವಿನ ವಧೆಗೆ 1964ರ ಕಾಯ್ದೆಯಲ್ಲೇ ಅವಕಾಶವಿರಲಿಲ್ಲ. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಮುದಿ ಎತ್ತುಗಳಿಗೂ ಬಾಗಿಲು ಮುಚ್ಚಿ, ಹದಿಮೂರು ದಾಟಿದ ಎಮ್ಮೆ ಕೋಣಗಳಿಗಷ್ಟೇ ವಿನಾಯಿತಿ ಉಳಿಸಿದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತುವುದಿಲ್ಲ. ಆದರೆ ಒಂದು ಕೈಯಲ್ಲಿ ಕಾಯ್ದೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ‘ಹಸು ಕಳೆಯಿರಿ’ ಎಂದು ಬೋಧಿಸುವ ಅಧಿಕಾರಿಗಳು, ಅವುಗಳನ್ನು ತಮ್ಮ ವಸತಿಗೃಹದ ಕಾಂಪೌಂಡಿನಲ್ಲಿ ಕಟ್ಟಿಕೊಳ್ಳುವುದಾಗಿ ಬರೆದುಕೊಟ್ಟರೆ ನಾಳೆಯೇ ಹೊಡೆದುಕೊಂಡು ಬರುತ್ತೇನೆ. ಗೋಶಾಲೆಯ ರಾಸನ್ನು ದತ್ತು ಪಡೆಯಲು ವರ್ಷಕ್ಕೆ 11,000 ರೂಪಾಯಿ ಎಂದು ಸರ್ಕಾರವೇ 2022ರಲ್ಲಿ ಯೋಜನೆ ಮಾಡಿತ್ತು. ಮನೆಯ ಕೊಟ್ಟಿಗೆಯಲ್ಲಿ ನಿಂತು ಕರು ಕೊಡುತ್ತಿರುವ ಹಸುವಿಗೆ ಮಾತ್ರ ಒಂದು ವಿಮೆಯ ಕಾಗದವೂ ದುಬಾರಿಯಾಗಿದೆ.

ಇದೇನೂ ಮೊದಲ ಸಲವಲ್ಲ. ನಮ್ಮ ಹೋಬಳಿಯ ಪಶು ಚಿಕಿತ್ಸಾಲಯದಲ್ಲಿ ಹಳ್ಳಿಕಾರ್ ವೀರ್ಯದ ಕಡ್ಡಿ ಕೇಳಿದರೆ, ಇಲ್ಲವೆಂದು ಎಚ್‌ಎಫ್ ಹಾಕಿ ಕಳುಹಿಸಿದ ಉದಾಹರಣೆಗಳು ನಮ್ಮೂರಿನಲ್ಲಿ ಬೇಕಾದಷ್ಟಿವೆ. ಹುಟ್ಟಿದ್ದು ನೊಗಕ್ಕೂ ಆಗಲಿಲ್ಲ, ಹಾಲಿಗೂ ಆಗಲಿಲ್ಲ. ಚರ್ಮಗಂಟು ರೋಗ ಬಂದ 2022ರಲ್ಲಿ ಲಸಿಕೆ ನಮ್ಮ ಬೀದಿಗೆ ತಲುಪಿದ್ದು ಗಂಟುಗಳು ಒಡೆದ ಮೇಲೆ. ರಾಸುಗಳ ಜಾತ್ರೆ ನಿಂತು ಜೋಡಿಗಳು ಕೊಟ್ಟಿಗೆಯಲ್ಲೇ ಉಳಿದಾಗ ಯಾವ ಅಧಿಕಾರಿಯೂ ಈ ಕಡೆ ತಲೆ ಹಾಕಲಿಲ್ಲ. ಮೇಯಿಸಲು ಇದ್ದ ಗೋಮಾಳ ಅಳತೆಯ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಕುಗ್ಗುತ್ತಾ ಬಂದಿದೆ, ಅಳೆಯುವ ಸರಪಳಿ ಮಾತ್ರ ಅಷ್ಟೇ ಉದ್ದವಿದೆ. ಹಳ್ಳಿಕಾರ್ ತಳಿಯ ಚಿತ್ರವಿರುವ ಅಂಚೆಚೀಟಿ 2000ದಲ್ಲಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಅಂಚೆಚೀಟಿಗೆ ವಯೋಮಿತಿ ಇಲ್ಲದಿರುವುದು ಆ ತಳಿಯ ಪುಣ್ಯ.

ಹಸು ಈಯುವ ಹೊತ್ತಿಗೆ ಇದೇ ಚಿಕಿತ್ಸಾಲಯದ ಬಾಗಿಲು ತಟ್ಟಬೇಕಾದವನಾದ್ದರಿಂದ ನನ್ನ ಹೆಸರು ಪ್ರಕಟಿಸಬಾರದೆಂದು ವಿನಂತಿ. ಸಂಬಂಧಪಟ್ಟವರು ಹತ್ತು ವರ್ಷದ ಮಿತಿಯನ್ನು ನಾಟಿ ತಳಿಗಳಿಗೆ ಸಡಿಲಿಸಿ, ಗಬ್ಬದ ಹಸುವಿಗಾದರೂ ವಯಸ್ಸು ಕೇಳದೆ ವಿಮೆ ಕೊಡಲಿ. ಇಲ್ಲವಾದರೆ ಆ ಅಧಿಕಾರಿ ತಮ್ಮ ಮಾತನ್ನು ಇದೇ ಪತ್ರಿಕೆಯಲ್ಲಿ ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ ವಾಪಸು ಪಡೆಯಲಿ, ಅಥವಾ ಎರಡೂ ಆಗಲಿ. ಇಲಾಖೆಯ ಮೇಲಿನವರು ಕೆಳಗಿನವರಿಗೆ ಸ್ವಲ್ಪ ಬುದ್ಧಿ ಹೇಳಲಿ. ಮೇಲಿನವರಿಗೆ ಯಾರು ಹೇಳಬೇಕೋ ಅವರು ಹೇಳಲಿ.

— ಹಳ್ಳಿಕಾರ್ ಸಾಕಣೆದಾರ